ತಿಪಿಟಕ: ಹೊಸದಾಗಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬುದ್ಧನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಬೌದ್ಧರ ಮೂಲ ಗ್ರಂಥ ಯಾವುದು?" ತಿಪಿಟಕ ಅಂತ ಒಂದು ಹೆಸರು ಹೇಳಿ ಮುಗಿಸೋಣ ಅಂದರೆ ಆಗುವುದಿಲ್ಲ. ಗೆಳೆಯರು, ನೆಂಟರು, ರೈಲಿನಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಗ್ರಂಥದ ಭಾಷೆ ಪಾಲಿ, ನಾನು ಅದರ ಪಂಡಿತನಲ್ಲ. ಸುಮಾರು ವರ್ಷದಿಂದ ನಿಧಾನಕ್ಕೆ ಓದಿಕೊಂಡು ಬಂದವನು, ಅಷ್ಟೇ.

ತಿಪಿಟಕ ಅಂದರೆ ಒಂದು ಪುಸ್ತಕವಾ?

ಒಂದು ಕಪಾಟು ತುಂಬುವಷ್ಟಿದೆ. ಬರ್ಮಾದಲ್ಲಿ 1954ರಿಂದ 1956ರವರೆಗೆ ನಡೆದ ಆರನೇ ಸಂಗಾಯನದ (ಪಾಠವನ್ನು ಒಟ್ಟಿಗೆ ಹೇಳಿ ಖಚಿತ ಮಾಡುವ ಭಿಕ್ಖುಗಳ ಮಹಾಸಭೆ) ಪ್ರತಿಯಲ್ಲಿ ಇದು 40 ಸಂಪುಟ. 'ತಿ' ಅಂದರೆ ಮೂರು, 'ಪಿಟಕ' ಅಂದರೆ ಬುಟ್ಟಿ. ಸಂಸ್ಕೃತದಲ್ಲಿ ತ್ರಿಪಿಟಕ.

ಮೊದಲ ಬುಟ್ಟಿ ವಿನಯ. ಭಿಕ್ಖು, ಭಿಕ್ಖುನಿಯರು (ಬೌದ್ಧ ಸನ್ಯಾಸಿ, ಸನ್ಯಾಸಿನಿಯರು) ಒಟ್ಟಿಗೆ ಬಾಳುವುದು ಹೇಗೆ ಅನ್ನುವುದು ಅದರಲ್ಲಿದೆ. ಎರಡನೆಯದು ಸುತ್ತ, ಅಂದರೆ ಉಪದೇಶ (ಸಂಸ್ಕೃತದಲ್ಲಿ ಸೂತ್ರ). ಬುದ್ಧ ಮತ್ತು ಅವನ ಶಿಷ್ಯರು ಅಲ್ಲಲ್ಲಿ ಆಡಿದ ಮಾತುಗಳು ಇಲ್ಲಿವೆ. ಮೂರನೆಯದು ಅಭಿಧಮ್ಮ. ಆ ಮಾತುಗಳನ್ನು ಬಿಡಿಸಿ, ಎಣಿಸಿ, ಪಟ್ಟಿ ಮಾಡಿಟ್ಟದ್ದು. ನೀವು ಎಲ್ಲೋ ಓದಿದ ಬುದ್ಧನ ಮಾತು ನಿಜವಾಗಿ ಹಳೆಯದೇ ಆಗಿದ್ದರೆ, ಹೆಚ್ಚಾಗಿ ಎರಡನೇ ಬುಟ್ಟಿಯಲ್ಲಿ ಸಿಗುತ್ತದೆ.

ಬುದ್ಧನೇ ಬರೆದದ್ದಾ?

ಒಂದಕ್ಷರವೂ ಇಲ್ಲ. ಬುದ್ಧ ಊರೂರು ತಿರುಗಿ ಮಾತಾಡಿದ, ಕೇಳಿದವರು ನೆನಪಿಟ್ಟುಕೊಂಡರು.

ಅವನು ತೀರಿಕೊಂಡ ಮೇಲೆ ಬಂದ ಮಳೆಗಾಲದಲ್ಲಿ ರಾಜಗೃಹದ ಹತ್ತಿರ 500 ಜನ ಹಿರಿಯ ಭಿಕ್ಖುಗಳು ಸೇರಿದರು ಅಂತ ವಿನಯ ಪಿಟಕವೇ ಹೇಳುತ್ತದೆ. ಮಹಾಕಸ್ಸಪ ಪ್ರಶ್ನೆ ಕೇಳಿದ. ನಿಯಮಗಳ ಬಗ್ಗೆ ಉಪಾಲಿ ಉತ್ತರ ಕೊಟ್ಟ. ಈ ಉಪಾಲಿ ಮೊದಲು ಶಾಕ್ಯರ ಮನೆಯಲ್ಲಿ ಕ್ಷೌರ ಮಾಡುತ್ತಿದ್ದವನು. ಉಪದೇಶಗಳನ್ನು ಆನಂದ ಹೇಳಿದ. ಆನಂದ ಬುದ್ಧನ ಜೊತೆ ನೆರಳಿನ ಹಾಗೆ ಇದ್ದವನು. ಹೆಚ್ಚಿನ ಸುತ್ತಗಳು "ಏವಂ ಮೇ ಸುತಂ", ಅಂದರೆ "ನಾನು ಹೀಗೆ ಕೇಳಿದ್ದೇನೆ" ಅಂತ ಶುರುವಾಗುವುದು ಅದಕ್ಕೇ. ಆ 'ನಾನು' ಆನಂದ ಅನ್ನುವುದು ಸಂಪ್ರದಾಯ.

ಅದೇ ಸಭೆಯ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಸಣ್ಣಪುಟ್ಟ ನಿಯಮ ಬೇಕಿದ್ದರೆ ಬಿಡಬಹುದು ಅಂತ ಬುದ್ಧ ಕೊನೆಗಾಲದಲ್ಲಿ ಹೇಳಿದ್ದ ಅಂತ ಆನಂದ ತಿಳಿಸುತ್ತಾನೆ. "ಸಣ್ಣವು ಯಾವುವು ಅಂತ ಕೇಳಿದೆಯಾ?" ಅಂತ ಹಿರಿಯರು ಕೇಳುತ್ತಾರೆ. ಆನಂದ ಕೇಳಿರಲಿಲ್ಲ! ಚೆನ್ನಾಗಿ ಬೈಸಿಕೊಂಡ. ಯಾವುದು ಸಣ್ಣದು ಅಂತ ಹಿರಿಯರಲ್ಲೇ ಒಮ್ಮತ ಬರಲಿಲ್ಲ. ಕೊನೆಗೆ ಯಾವುದನ್ನೂ ಬಿಡುವುದು ಬೇಡ ಅಂತ ತೀರ್ಮಾನ ಆಯಿತು.

ಹಾಗಾದರೆ ಬರಹಕ್ಕೆ ಇಳಿದದ್ದು ಯಾವಾಗ?

ಕ್ರಿಸ್ತಪೂರ್ವ ಮೊದಲನೇ ಶತಮಾನದಲ್ಲಿ, ಶ್ರೀಲಂಕಾದಲ್ಲಿ. ಆಗ ವಟ್ಟಗಾಮಣಿ ಅಭಯ ರಾಜನ ಕಾಲ. ಯುದ್ಧ ಒಂದು ಕಡೆ, ಬರ ಇನ್ನೊಂದು ಕಡೆ. ಬಾಯಿಪಾಠ ಬಲ್ಲ ಭಿಕ್ಖುಗಳು ಸಾಯುತ್ತಾ ಹೋದರೆ ಪಾಠವೂ ಅವರ ಜೊತೆ ಹೋಗುತ್ತದಲ್ವಾ? ಆ ಭಯಕ್ಕೇ ಓಲೆಗರಿಯಲ್ಲಿ ಬರೆದಿಟ್ಟರು. ಅದು ನಡೆದದ್ದು ಮಾತಲೆ ಹತ್ತಿರದ ಅಲುವಿಹಾರದಲ್ಲಿ ಅಂತ ಸಂಪ್ರದಾಯ. ಆ ಬಂಡೆ, ಗುಹೆಗಳು ಈಗಲೂ ಇವೆ. ಕ್ಯಾಂಡಿಯಿಂದ ದಂಬುಲ್ಲಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ನೂರಾರು ವರ್ಷ ಬರೀ ಬಾಯಲ್ಲಿ ಇದ್ದದ್ದನ್ನು ನಂಬೋದು ಹೇಗೆ?

ಸಾಮಾನ್ಯವಾಗಿ ಅನುಮಾನ ಇಲ್ಲಿಂದಲೇ ಶುರುವಾಗುತ್ತದೆ. ತಪ್ಪಿಲ್ಲ. ಆದರೆ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಪಿಸುಗುಟ್ಟುವ ಆಟ ಇದಾಗಿರಲಿಲ್ಲ. 'ಸಂಗೀತಿ' ಅನ್ನುವ ಪದದಲ್ಲೇ ಒಟ್ಟಿಗೆ ಹಾಡುವುದು ಅನ್ನುವ ಅರ್ಥ ಇದೆ. ಐವತ್ತು ಜನ ಸೇರಿ ಹೇಳುವಾಗ ಒಬ್ಬ ಪದ ತಪ್ಪಿದರೆ ಪಕ್ಕದವನಿಗೆ ತಕ್ಷಣ ಗೊತ್ತಾಗುತ್ತದೆ. ಭಜನೆಯಲ್ಲಿ ತಾಳ ತಪ್ಪಿದವನನ್ನು ಎಲ್ಲರೂ ತಿರುಗಿ ನೋಡುವುದಿಲ್ವಾ, ಹಾಗೆ. ಕೆಲಸವನ್ನೂ ಹಂಚಿಕೊಂಡಿದ್ದರು. ಉದ್ದ ಸುತ್ತಗಳನ್ನು ಕಲಿಯುವವರು ದೀಘಭಾಣಕರು, ಮಧ್ಯಮ ಉದ್ದದವನ್ನು ಕಲಿಯುವವರು ಮಜ್ಝಿಮಭಾಣಕರು. ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರನ್ನು ರಾತ್ರಿಯಿಡೀ ಕೂತು ಕೇಳಿದವರಿಗೆ ನೆನಪಿನ ಶಕ್ತಿ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಕಾಲದ್ದೇ ಒಂದು ಉದಾಹರಣೆ ಇದೆ. ಬರ್ಮಾದ ಮಿಂಗುನ್ ಸಯಾಡೋ 1954ರಲ್ಲಿ 16,000 ಪುಟಗಳಷ್ಟು ಪಾಠವನ್ನು ನೆನಪಿನಿಂದ ಒಪ್ಪಿಸಿದ್ದು ಗಿನ್ನಿಸ್ ದಾಖಲೆಗೆ ಸೇರಿದೆ.

ಇನ್ನೊಂದು ಸಾಕ್ಷಿ ಚೀನಾದಲ್ಲಿದೆ. ಬೇರೆ ಬೇರೆ ಪಂಥದವರು ಕಾಪಾಡಿದ್ದ ಸುತ್ತಗಳು ನಾಲ್ಕು, ಐದನೇ ಶತಮಾನದ ಹೊತ್ತಿಗೆ ಚೀನೀ ಭಾಷೆಗೆ ಹೋದವು. ಅವಕ್ಕೆ ಆಗಮ ಅಂತ ಹೆಸರು. ಅವನ್ನೂ ಪಾಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಊರಿನ ಹೆಸರು, ಮಾತಿನ ಕ್ರಮ, ಜೋಡಣೆ ಬದಲಾಗಿರುತ್ತದೆ. ಮುಖ್ಯ ಮಾತು ಮಾತ್ರ ಆಶ್ಚರ್ಯವಾಗುವಷ್ಟು ಒಂದೇ ಥರ ಇರುತ್ತದೆ.

ಹಾಗಂತ ಪ್ರತಿ ಸಾಲೂ ಬುದ್ಧನ ಬಾಯಿಂದಲೇ ಬಂದದ್ದು ಅಂತ ನಾನು ಹೇಳುವುದಿಲ್ಲ. ಗ್ರಂಥವೂ ಅಷ್ಟು ಜೋರಾಗಿ ಹೇಳಿಕೊಳ್ಳುವುದಿಲ್ಲ. ಆ ಮೊದಲ ಸಭೆ ಮುಗಿದ ಮೇಲೆ ಪುರಾಣ ಅನ್ನುವ ಭಿಕ್ಖು ರಾಜಗೃಹಕ್ಕೆ ಬರುತ್ತಾನೆ. "ನಾವೆಲ್ಲ ಸೇರಿ ಪಾಠ ಮಾಡಿದ್ದೇವೆ, ನೀನೂ ಒಪ್ಪಿಕೋ" ಅನ್ನುತ್ತಾರೆ. "ಚೆನ್ನಾಗಿ ಮಾಡಿದ್ದೀರಿ. ಆದರೆ ನಾನು ಬುದ್ಧನ ಬಾಯಿಂದ ಹೇಗೆ ಕೇಳಿದ್ದೇನೋ ಹಾಗೇ ಇಟ್ಟುಕೊಳ್ಳುತ್ತೇನೆ" ಅಂತ ಅವನು ಹೇಳುತ್ತಾನೆ. ಒಪ್ಪದವನ ಮಾತನ್ನೂ ಅಳಿಸದೆ ಇಟ್ಟುಕೊಂಡಿದ್ದಾರೆ ನೋಡಿ. ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿ.

ಪಾಲಿ ಯಾವ ಊರಿನ ಭಾಷೆ? ಲಿಪಿ ಯಾವುದು?

ಪಾಲಿ ಅನ್ನುವುದು ಮೊದಲು ಭಾಷೆಯ ಹೆಸರೇ ಆಗಿರಲಿಲ್ಲ. ಮೂಲ ಪಾಠ ಅನ್ನುವ ಅರ್ಥ ಇತ್ತು. ಆ ಪಾಠದ ಭಾಷೆಗೆ ಅದೇ ಹೆಸರು ಅಂಟಿಕೊಂಡಿತು. ಉತ್ತರ ಭಾರತದ ಪ್ರಾಕೃತಗಳ ಪೈಕಿ ಇದೂ ಒಂದು. ಸಂಪ್ರದಾಯದವರು ಇದನ್ನು ಮಾಗಧಿ ಅನ್ನುತ್ತಾರೆ. ಬುದ್ಧ ಆಡಿದ್ದು ಇದೇ ಅಲ್ಲ, ಇದಕ್ಕೆ ಹತ್ತಿರದ ಒಂದು ಆಡುಮಾತು ಅನ್ನುವುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಇದಕ್ಕೆ ಅಂತಲೇ ಒಂದು ಲಿಪಿ ಇಲ್ಲ. ಸಿಂಹಳದಲ್ಲಿ ಸಿಂಹಳ ಲಿಪಿ, ಬರ್ಮಾದಲ್ಲಿ ಬರ್ಮೀ ಲಿಪಿ, ಥಾಯ್ಲೆಂಡಿನಲ್ಲಿ ಥಾಯ್ ಲಿಪಿ. ಕನ್ನಡ ಲಿಪಿಯಲ್ಲಿ ಬರೆದರೂ ಏನೂ ಕಷ್ಟವಿಲ್ಲ:

ನ ಹಿ ವೇರೇನ ವೇರಾನಿ ಸಮ್ಮನ್ತೀಧ ಕುದಾಚನಂ
ಅವೇರೇನ ಚ ಸಮ್ಮನ್ತಿ ಏಸ ಧಮ್ಮೋ ಸನನ್ತನೋ

ಇದು ಧಮ್ಮಪದ ಅನ್ನುವ ಪದ್ಯಸಂಗ್ರಹದ ಐದನೇ ಗಾಥೆ. ಹಗೆಯಿಂದ ಹಗೆ ಯಾವತ್ತೂ ತಣಿಯುವುದಿಲ್ಲ, ಹಗೆ ಬಿಟ್ಟರೇ ತಣಿಯುವುದು, ಇದು ಹಳೆಯ ಧರ್ಮ ಅಂತ ಅರ್ಥ.

ಕನ್ನಡದವರಿಗೆ ಪಾಲಿ ಅಷ್ಟೊಂದು ದೂರದ್ದೂ ಅಲ್ಲ. ಸ್ವರ್ಗಕ್ಕೆ ಪಾಲಿಯಲ್ಲಿ 'ಸಗ್ಗ', ನಮ್ಮಲ್ಲೂ ಸಗ್ಗ. ಶ್ರೀಗೆ 'ಸಿರಿ', ನಮ್ಮಲ್ಲೂ ಸಿರಿ. ಆಶ್ಚರ್ಯಕ್ಕೆ 'ಅಚ್ಛರಿಯ', ನಮ್ಮಲ್ಲಿ ಅಚ್ಚರಿ. ಪ್ರಾಕೃತದ ದಾರಿಯಲ್ಲಿ ಬಂದ ತದ್ಭವಗಳು ಇವು. ಕೈ ಮುಗಿದು "ದಮ್ಮಯ್ಯ ಅಂತೀನಿ, ಬಿಡಿ" ಅನ್ನುವಾಗಲೂ ಒಂದು 'ಧಮ್ಮ' ನಮ್ಮ ಬಾಯಲ್ಲಿರುತ್ತದೆ.

ಬುದ್ಧ ಸಂಸ್ಕೃತ ಯಾಕೆ ಬಳಸಲಿಲ್ಲ?

ವಿನಯದಲ್ಲಿ ಒಂದು ಪ್ರಸಂಗ ಇದೆ. ಬ್ರಾಹ್ಮಣರ ಮನೆಯಿಂದ ಬಂದ ಇಬ್ಬರು ಅಣ್ಣತಮ್ಮಂದಿರು, ಒಳ್ಳೆ ಮಾತುಗಾರರು, ಬುದ್ಧನ ಹತ್ತಿರ ದೂರು ತಂದರು. "ಬೇರೆ ಬೇರೆ ಊರು, ಕುಲದಿಂದ ಬಂದ ಭಿಕ್ಖುಗಳು ಅವರವರ ಮಾತಲ್ಲಿ ನಿಮ್ಮ ಮಾತನ್ನು ಹಾಳು ಮಾಡುತ್ತಿದ್ದಾರೆ. ನಾವು ಛಂದಸ್ಸಿಗೆ ಹಾಕಿಬಿಡುತ್ತೇವೆ" ಅಂದರು. ಛಂದಸ್ಸು ಅಂದರೆ ವೇದದ ಸಂಸ್ಕೃತ ಅಂತ ವ್ಯಾಖ್ಯಾನ. ಬುದ್ಧ ಬೇಡ ಅಂದ. "ಸಕಾಯ ನಿರುತ್ತಿಯಾ" ಕಲಿಯಲಿ ಅಂದ. ಅವರವರ ಸ್ವಂತ ಮಾತಲ್ಲಿ ಅಂತ ಇದರ ನೇರ ಅರ್ಥ. ಹಳೆಯ ವ್ಯಾಖ್ಯಾನಕಾರರು ಮಾತ್ರ, ಸ್ವಂತ ಅಂದರೆ ಬುದ್ಧನ ಸ್ವಂತ ಭಾಷೆ, ಮಾಗಧಿ ಅಂತ ಅರ್ಥ ಮಾಡಿದರು. ನನಗೆ ಮೊದಲ ಅರ್ಥವೇ ಸರಿ ಕಾಣುತ್ತದೆ. ಬುದ್ಧನ ಮಾತನ್ನು ಕನ್ನಡದಲ್ಲಿ ಓದಲು ಇದಕ್ಕಿಂತ ಒಳ್ಳೆ ಅನುಮತಿ ಪತ್ರ ಬೇಕಾ?

ವಿನಯ ಪಿಟಕ ಅಂದರೆ ಬರೀ ನಿಯಮಗಳಾ? ಬೇಜಾರಾಗಲ್ವಾ?

ಭಿಕ್ಖುಗಳಿಗೆ 227 ನಿಯಮ, ಭಿಕ್ಖುನಿಯರಿಗೆ 311. ಹುಣ್ಣಿಮೆ, ಅಮಾವಾಸ್ಯೆಯ ದಿನ ಎಲ್ಲರೂ ಸೇರಿ ಇವನ್ನು ಹೇಳುತ್ತಾರೆ. ಬರೀ ಇದನ್ನೇ ಓದಿದರೆ ಬೇಜಾರೇ. ಆದರೆ ನಿಯಮಗಳ ಸುತ್ತ ಕಥೆಗಳಿವೆ. ಯಾರೋ ಏನೋ ಎಡವಟ್ಟು ಮಾಡುತ್ತಾರೆ, ಊರಿನ ಜನ ಗೊಣಗುತ್ತಾರೆ, ಸುದ್ದಿ ಬುದ್ಧನಿಗೆ ಮುಟ್ಟುತ್ತದೆ, ಒಂದು ನಿಯಮ ಹುಟ್ಟುತ್ತದೆ. ಆ ಕಾಲದ ದಿನನಿತ್ಯದ ಬದುಕು ತಿಳಿಯಬೇಕಾದರೆ ಇದನ್ನೇ ಓದಬೇಕು. ಕಾಯಿಲೆ ಭಿಕ್ಖುಗಳಿಗೆ ಹೊತ್ತಲ್ಲದ ಹೊತ್ತಿನಲ್ಲೂ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಜೋನಿಬೆಲ್ಲ ಕೊಡಬಹುದು ಅನ್ನುವುದರಿಂದ ಹಿಡಿದು ಚಪ್ಪಲಿ ಎಂಥದ್ದಿರಬೇಕು ಅನ್ನುವವರೆಗೆ ಎಲ್ಲವೂ ಇದೆ.

ಭಿಕ್ಖುಗಳು ಉಡುವ ಬಟ್ಟೆ, ಚೀವರವನ್ನು ಹತ್ತಿರದಿಂದ ನೋಡಿದ್ದೀರಾ? ತುಂಡು ತುಂಡು ಬಟ್ಟೆ ಜೋಡಿಸಿ, ನಡುವೆ ಪಟ್ಟಿ ಕೊಟ್ಟು ಹೊಲಿದಿರುತ್ತಾರೆ. ಒಮ್ಮೆ ಬುದ್ಧ ದಾರಿಯಲ್ಲಿ ಹೋಗುತ್ತಾ ಮಗಧದ ಗದ್ದೆಗಳನ್ನು ತೋರಿಸಿ, "ಬದು ಹಾಕಿ ಹೇಗೆ ಪಾಲು ಮಾಡಿದ್ದಾರೆ ನೋಡು ಆನಂದ, ಚೀವರವನ್ನು ಹೀಗೆ ಹೊಲಿಯಲು ಆಗುತ್ತಾ?" ಅಂತ ಕೇಳಿದ. ಆನಂದ ಹೊಲಿದು ತೋರಿಸಿದ. ಆ ವಿನ್ಯಾಸ ಇವತ್ತಿಗೂ ಹಾಗೇ ಇದೆ. ಇದನ್ನು ಓದಿದ ಮೇಲೆ ಯಾವ ಭಿಕ್ಖುವನ್ನು ಕಂಡರೂ ನನ್ನ ಕಣ್ಣು ಮೊದಲು ಆ ಬದುಗಳನ್ನೇ ಹುಡುಕುತ್ತದೆ.

ಇನ್ನೊಂದು ಪ್ರಸಂಗ. ಹೊಟ್ಟೆ ಕೆಟ್ಟ ಒಬ್ಬ ಭಿಕ್ಖು ತನ್ನದೇ ಹೊಲಸಿನಲ್ಲಿ ಬಿದ್ದುಕೊಂಡಿರುತ್ತಾನೆ. ಯಾರೂ ಹತ್ತಿರ ಹೋಗಿಲ್ಲ. "ಯಾಕೆ ಯಾರೂ ನಿನ್ನನ್ನು ನೋಡಿಕೊಳ್ಳುತ್ತಿಲ್ಲ?" ಅಂತ ಬುದ್ಧ ಕೇಳಿದರೆ, "ನಾನು ಯಾರಿಗೂ ಉಪಕಾರ ಮಾಡಿದವನಲ್ಲ, ಅದಕ್ಕೇ" ಅನ್ನುತ್ತಾನೆ. ಬುದ್ಧ ಆನಂದನ ಕೈಲಿ ನೀರು ತರಿಸಿದ. ಬುದ್ಧ ನೀರು ಹಾಕಿದ, ಆನಂದ ತೊಳೆದ. ಒಬ್ಬ ತಲೆ ಕಡೆ, ಇನ್ನೊಬ್ಬ ಕಾಲ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಬುದ್ಧ ಎಲ್ಲರನ್ನೂ ಕರೆದು ಹೇಳಿದ: "ನಿಮಗೆ ಇಲ್ಲಿ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಒಬ್ಬರನ್ನೊಬ್ಬರು ನೀವು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ? ನನ್ನ ಸೇವೆ ಮಾಡಬೇಕು ಅನ್ನುವವನು ಕಾಯಿಲೆಯವನ ಸೇವೆ ಮಾಡಲಿ."

ಸುತ್ತ ಪಿಟಕದ ಒಳಗೆ ಏನೇನಿದೆ?

ಐದು ನಿಕಾಯ, ಅಂದರೆ ಐದು ಸಂಗ್ರಹ. ಜೋಡಿಸಿದ ರೀತಿ ಸ್ವಲ್ಪ ತಮಾಷೆಯಾಗಿದೆ. ಉದ್ದದ ಸುತ್ತಗಳೆಲ್ಲ ಒಂದು ಕಡೆ: ದೀಘ ನಿಕಾಯ, 34 ಸುತ್ತ. ಮಧ್ಯಮ ಉದ್ದದವು ಮಜ್ಝಿಮ ನಿಕಾಯ, 152. ಒಂದೇ ವಿಷಯದ ಚಿಕ್ಕ ಚಿಕ್ಕ ಸುತ್ತಗಳನ್ನು ಕಟ್ಟು ಕಟ್ಟಿದ್ದು ಸಂಯುತ್ತ. ಸಾರನಾಥದಲ್ಲಿ ಹೇಳಿದ ಮೊದಲ ಉಪದೇಶ ಇರುವುದು ಇದರಲ್ಲೇ. ಅಂಗುತ್ತರದಲ್ಲಿ ಎಣಿಕೆಯೇ ಸೂತ್ರ: ಒಂದರ ವಿಷಯಗಳು, ಎರಡರ ವಿಷಯಗಳು, ಹೀಗೆ ಹನ್ನೊಂದರವರೆಗೆ. ಬಾಯಿಪಾಠ ಮಾಡುವವನಿಗೆ ಇದು ಅನುಕೂಲ. ಐದರ ಪಟ್ಟಿಯಲ್ಲಿ ನಾಲ್ಕೇ ನೆನಪಾದರೆ ಒಂದು ಬಿಟ್ಟುಹೋಗಿದೆ ಅಂತ ಬೆರಳೇ ಹೇಳುತ್ತದೆ.

ಐದನೆಯದು ಖುದ್ದಕ ನಿಕಾಯ. 'ಚಿಕ್ಕದು' ಅಂತ ಹೆಸರು, ಗಾತ್ರದಲ್ಲಿ ಚಿಕ್ಕದೇನಲ್ಲ. ಲೆಕ್ಕಕ್ಕೆ 15 ಗ್ರಂಥ, ಬರ್ಮಾದವರು ಇನ್ನೂ ಕೆಲವನ್ನು ಸೇರಿಸುತ್ತಾರೆ. 423 ಗಾಥೆಗಳ ಧಮ್ಮಪದ ಇದರಲ್ಲಿದೆ, ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ 547 ಜಾತಕಗಳು ಇದರಲ್ಲಿವೆ, ತುಂಬ ಹಳೆಯ ಪದ್ಯಗಳಿರುವ ಸುತ್ತನಿಪಾತವೂ ಇದರಲ್ಲೇ ಇದೆ.

ಒಂದು ಸುತ್ತ ಹೇಗಿರುತ್ತೆ ಅಂತ ತೋರಿಸುತ್ತೀರಾ?

ಮಜ್ಝಿಮ ನಿಕಾಯದ 61ನೆಯದನ್ನು ತೆಗೆದುಕೊಳ್ಳೋಣ. ಬುದ್ಧನ ಮಗ ರಾಹುಲ ಆಗ ಚಿಕ್ಕ ಹುಡುಗ. ಏಳು ವರ್ಷ ಅಂತ ವ್ಯಾಖ್ಯಾನ ಹೇಳುತ್ತದೆ. ಸಂಜೆ ಬುದ್ಧ ಅವನಿದ್ದ ಕಡೆ ಬರುತ್ತಾನೆ. ಹುಡುಗ ಕೂರಲು ಆಸನ ಹಾಕುತ್ತಾನೆ, ಕಾಲಿಗೆ ನೀರು ಇಡುತ್ತಾನೆ. ಬುದ್ಧ ಕಾಲು ತೊಳೆದು ಪಾತ್ರೆಯ ತಳದಲ್ಲಿ ಒಂಚೂರು ನೀರು ಉಳಿಸುತ್ತಾನೆ.

"ರಾಹುಲ, ಉಳಿದಿರುವ ಈ ಒಂಚೂರು ನೀರು ಕಾಣುತ್ತಾ?"
"ಕಾಣುತ್ತೆ, ಭಂತೇ."
"ಬೇಕಂತಲೇ ಸುಳ್ಳು ಹೇಳಲು ನಾಚದವನ ಶ್ರಮಣತನ ಇಷ್ಟೇ."

ಆ ನೀರನ್ನೂ ಚೆಲ್ಲುತ್ತಾನೆ. "ಚೆಲ್ಲಿಹೋದದ್ದು ಕಂಡೆಯಾ? ಅವನ ಶ್ರಮಣತನವೂ ಹೀಗೆ." ಪಾತ್ರೆಯನ್ನು ಬೋರಲು ಹಾಕುತ್ತಾನೆ. ಮತ್ತೆ ಎತ್ತಿ ನೆಟ್ಟಗಿಟ್ಟು ಒಳಗಿನ ಖಾಲಿಯನ್ನು ತೋರಿಸುತ್ತಾನೆ. ತಮಾಷೆಗೂ ಸುಳ್ಳು ಹೇಳಬೇಡ ಅನ್ನುತ್ತಾನೆ. ಆಮೇಲೆ ಕೇಳುತ್ತಾನೆ, "ಕನ್ನಡಿ ಯಾತಕ್ಕೆ?" "ನೋಡಿಕೊಳ್ಳಲಿಕ್ಕೆ." "ಹಾಗೇ ಏನೇ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ. ಇದರಿಂದ ನನಗೆ ನೋವಾಗುತ್ತಾ, ಬೇರೆಯವರಿಗೆ ನೋವಾಗುತ್ತಾ ಅಂತ."

ಮನೆಯಲ್ಲಿ ಮಕ್ಕಳಿದ್ದರೆ ಒಂದು ಚೊಂಬು ಹಿಡಿದು ಇದನ್ನು ಮಾಡಿ ತೋರಿಸಿ. ನಾನು ಅಕ್ಕನ ಮಗನಿಗೆ ತೋರಿಸಿದೆ. "ಬುದ್ಧ ಅಷ್ಟು ನೀರು ವೇಸ್ಟ್ ಮಾಡಿದನಾ, ಮಾಮಾ?" ಅಂದ.

ಅಶೋಕ ಇದನ್ನೆಲ್ಲ ಓದಿದ್ದನಾ?

ಕೇಳಿದ್ದ ಅನ್ನುವುದು ಸರಿ. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಅವನ ಒಂದು ಶಾಸನ ಈಗ ಕೋಲ್ಕತ್ತದ ಏಷಿಯಾಟಿಕ್ ಸೊಸೈಟಿಯಲ್ಲಿದೆ. ಅದರಲ್ಲಿ ಏಳು ಪಾಠಗಳ ಹೆಸರು ಹೇಳಿ, ಭಿಕ್ಖು ಭಿಕ್ಖುನಿಯರು, ಗಂಡಸು ಹೆಂಗಸು ಗೃಹಸ್ಥರು ಇವನ್ನು ಮತ್ತೆ ಮತ್ತೆ ಕೇಳಬೇಕು ಅಂತ ಆಸೆಪಡುತ್ತಾನೆ. ಅದರಲ್ಲಿ ಒಂದು, ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ ಬುದ್ಧಿಮಾತು. ಈಗ ತಾನೇ ನೋಡಿದೆವಲ್ಲ, ಆ ಚೊಂಬಿನ ಕಥೆಯೇ ಇರಬೇಕು ಅಂತ ವಿದ್ವಾಂಸರು ಹೇಳುತ್ತಾರೆ.

ಕರ್ನಾಟಕಕ್ಕೆ ಇದು ಯಾವಾಗ ಬಂತು?

ಅಶೋಕನ ಕಾಲದಲ್ಲಿ ಪಾಟಲಿಪುತ್ರದ ಸಂಗಾಯನದ ನಂತರ ದಿಕ್ಕು ದಿಕ್ಕಿಗೆ ಭಿಕ್ಖುಗಳನ್ನು ಕಳಿಸಿದರು ಅಂತ ಸಿಂಹಳದ ಇತಿಹಾಸ ಗ್ರಂಥ ಮಹಾವಂಸ ಹೇಳುತ್ತದೆ. ಮಹಿಂದ ಲಂಕೆಗೆ ಹೋದ. ಮಹಾದೇವ ಅನ್ನುವವನು ಮಹಿಸಮಂಡಲಕ್ಕೆ, ರಕ್ಖಿತ ಅನ್ನುವವನು ವನವಾಸಕ್ಕೆ. ವನವಾಸ ಅಂದರೆ ನಮ್ಮ ಬನವಾಸಿ. ಮಹಿಸಮಂಡಲ ಮೈಸೂರು ಸೀಮೆ ಅಂತ ಹಲವರ ಅಭಿಪ್ರಾಯ, ಇದರಲ್ಲಿ ವಾದ ಇದೆ.

ಕಣ್ಣಾರೆ ನೋಡಬೇಕು ಅಂದರೆ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಗೆ ಹೋಗಿ. ಅಲ್ಲಿನ ಸ್ತೂಪದ ಕಲ್ಲುಗಳಲ್ಲಿ ಜಾತಕ ಕಥೆಗಳನ್ನು ಕೆತ್ತಿ, ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಹೆಸರನ್ನೂ ಬರೆದಿದ್ದಾರೆ. "ರಾಯೋ ಅಸೋಕೋ" ಅಂತ ಹೆಸರು ಬರೆದ ಅಶೋಕನ ಶಿಲ್ಪ ಸಿಕ್ಕಿದ್ದೂ ಅಲ್ಲೇ.

ಅಭಿಧಮ್ಮ ಓದಲೇಬೇಕಾ?

ಶುರುವಿಗೆ ಬೇಡ. ಏಳು ಗ್ರಂಥ. ಕಥೆ ಇಲ್ಲ, ಮನುಷ್ಯರಿಲ್ಲ, ಬರೀ ವಿಂಗಡಣೆ. ಸುತ್ತಗಳಿಗಿಂತ ಈಚಿನದು ಅಂತ ವಿದ್ವಾಂಸರು ಹೇಳುತ್ತಾರೆ. ಬರ್ಮಾದಲ್ಲಿ ಇದಕ್ಕೆ ಬಹಳ ಮರ್ಯಾದೆ. ನಾನು ಎರಡು ಸಲ ಹಿಡಿದು ಎರಡು ಸಲವೂ ಕೆಳಗಿಟ್ಟೆ.

ಸಾವಿಲ್ಲದ ಮನೆಯ ಸಾಸಿವೆ ಕಥೆ ಯಾವ ಸುತ್ತದಲ್ಲಿದೆ?

ಯಾವ ಸುತ್ತದಲ್ಲೂ ಇಲ್ಲ! ನನಗೂ ಮೊದಲು ನಂಬಲು ಆಗಲಿಲ್ಲ. ಆ ತಾಯಿ ಕಿಸಾಗೋತಮಿಯ ಹೆಸರಿನ ಪದ್ಯ ಮೂಲದಲ್ಲಿದೆ. ಸತ್ತ ಮಗುವನ್ನು ಹೊತ್ತು ಮನೆ ಮನೆ ತಿರುಗಿ ಸಾಸಿವೆ ಕೇಳುವ ಕಥೆ ವಿಸ್ತಾರವಾಗಿ ಬರುವುದು ಅಟ್ಠಕಥೆಯಲ್ಲಿ, ಅಂದರೆ ವ್ಯಾಖ್ಯಾನದಲ್ಲಿ. ಈಗಿರುವ ದೊಡ್ಡ ಅಟ್ಠಕಥೆಗಳನ್ನು ಐದನೇ ಶತಮಾನದಲ್ಲಿ ಬುದ್ಧಘೋಸ ಮತ್ತು ಅವನ ನಂತರದವರು ಹಳೆಯ ಸಿಂಹಳ ವ್ಯಾಖ್ಯಾನಗಳನ್ನು ಇಟ್ಟುಕೊಂಡು ಪಾಲಿಯಲ್ಲಿ ಬರೆದರು.

ಮುದುಕ, ರೋಗಿ, ಹೆಣ, ಸನ್ಯಾಸಿ ಅನ್ನುವ ನಾಲ್ಕು ನೋಟಗಳ ಕಥೆಯೂ ಹಾಗೇ. ದೀಘ ನಿಕಾಯದಲ್ಲಿ ಅದು ಗೋತಮನದ್ದಲ್ಲ, ಬಹಳ ಹಿಂದೆ ಇದ್ದ ವಿಪಸ್ಸೀ ಅನ್ನುವ ಬುದ್ಧನದ್ದು. ನಮ್ಮ ಬುದ್ಧ ತನ್ನ ಬಗ್ಗೆ ಮಜ್ಝಿಮ ನಿಕಾಯದಲ್ಲಿ ಹೇಳಿಕೊಳ್ಳುವುದು ಸರಳವಾಗಿದೆ: ಇನ್ನೂ ಕಪ್ಪು ಕೂದಲಿನ ಹುಡುಗನಾಗಿದ್ದಾಗ, ಅಪ್ಪ ಅಮ್ಮ ಬೇಡ ಅಂತ ಕಣ್ಣೀರು ಹಾಕುತ್ತಿದ್ದಾಗ, ಕೂದಲು ಬೋಳಿಸಿ ಮನೆ ಬಿಟ್ಟೆ. ನಡುರಾತ್ರಿ ಇಲ್ಲ, ಕುದುರೆ ಇಲ್ಲ, ಮಲಗಿದ ಹೆಂಡತಿ ಇಲ್ಲ. ಎದುರಿಗೆ ಅಳುತ್ತಿರುವ ಅಪ್ಪ ಅಮ್ಮ. ನನಗೇನೋ ಇದೇ ಜಾಸ್ತಿ ತಟ್ಟುತ್ತದೆ.

ಅಂಗುಲಿಮಾಲ ಮಾತ್ರ ಮೂಲದಲ್ಲೇ ಇದ್ದಾನೆ. ಮಜ್ಝಿಮ ನಿಕಾಯ, 86.

ಹೆಂಗಸರ ಮಾತಿಗೆ ಇದರಲ್ಲಿ ಜಾಗ ಇದೆಯಾ?

ಥೇರೀಗಾಥಾ ಓದಿ. ಹಿರಿಯ ಭಿಕ್ಖುನಿಯರ ಹೆಸರಿನಲ್ಲಿರುವ 73 ಪದ್ಯಗಳು. ಹೆಂಗಸರ ಕವಿತೆ ಅಂತ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಸಂಗ್ರಹಗಳ ಪೈಕಿ ಇದೂ ಒಂದು. ಮುತ್ತಾ ಅನ್ನುವವಳು ಮೂರು ಡೊಂಕಿನಿಂದ ಬಿಡುಗಡೆ ಆಯಿತು ಅಂತ ಹಾಡುತ್ತಾಳೆ. ಯಾವ ಮೂರು? ಒರಳು, ಒನಕೆ, ಗೂನು ಗಂಡ! ಹುಟ್ಟು ಸಾವಿನಿಂದಲೂ ಬಿಡುಗಡೆ ಆಯಿತು ಅನ್ನುವುದು ಆಮೇಲೆ ಬರುತ್ತದೆ.

ಪಟಾಚಾರಾಳ ಪದ್ಯ ಬೇರೆ ಥರ. ಕಾಲು ತೊಳೆದುಕೊಳ್ಳುತ್ತಾಳೆ. ನೀರು ಇಳಿಜಾರಿನಲ್ಲಿ ಹರಿದು ಹೋಗುವುದನ್ನು ನೋಡುತ್ತಾ ಮನಸ್ಸನ್ನು ನಿಲ್ಲಿಸುತ್ತಾಳೆ. ದೀಪ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಹಾಸಿಗೆ ನೋಡಿ ಮಂಚದ ಮೇಲೆ ಕೂರುತ್ತಾಳೆ. ಸೂಜಿಯಿಂದ ಬತ್ತಿಯನ್ನು ಕೆಳಕ್ಕೆ ಎಳೆಯುತ್ತಾಳೆ. ದೀಪ ಆರಿದ ಹಾಗೆ ಮನಸ್ಸಿಗೆ ಬಿಡುಗಡೆ ಆಯಿತು. ದೀಪ ಆರುವುದಕ್ಕೆ ಅವಳು ಬಳಸುವ ಪದ 'ನಿಬ್ಬಾನ'. ನಿರ್ವಾಣ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಪದ್ಯ ಓದಿ ಸುಮ್ನಾಗುತ್ತೇನೆ.

"ಯಾರು ಹೇಳಿದರೂ ನಂಬಬೇಡ, ನಿನ್ನ ಬುದ್ಧಿಗೆ ಸರಿ ಕಂಡರೆ ಮಾತ್ರ ನಂಬು" ಅಂತ ಬುದ್ಧ ಹೇಳಿದ್ದಾನಂತೆ?

ವಾಟ್ಸಾಪಿನಲ್ಲಿ ಬರುವುದು ಅರ್ಧ ಮಾತು. ಮೂಲ ಇರುವುದು ಅಂಗುತ್ತರ ನಿಕಾಯದಲ್ಲಿ, ಕೇಸಪುತ್ತ ಅನ್ನುವ ಊರಿನ ಕಾಲಾಮರಿಗೆ ಹೇಳಿದ ಸುತ್ತದಲ್ಲಿ. ಬರುವ ಗುರುಗಳೆಲ್ಲ ತಮ್ಮದೇ ಸರಿ ಅನ್ನುತ್ತಾರೆ, ಯಾರನ್ನು ನಂಬೋಣ ಅಂತ ಅವರು ಕೇಳುತ್ತಾರೆ. ಗ್ರಂಥದಲ್ಲಿದೆ ಅಂತ, ಪರಂಪರೆ ಅಂತ, ಗುರು ಹೇಳಿದ ಅಂತ ಒಪ್ಪಬೇಡಿ ಅನ್ನುವುದು ನಿಜ. ಆದರೆ ಅದೇ ಪಟ್ಟಿಯಲ್ಲಿ ಬರೀ ತರ್ಕಕ್ಕೆ ಕೂಡುತ್ತೆ ಅಂತಲೂ, ನನ್ನ ಅಭಿಪ್ರಾಯಕ್ಕೆ ಹೊಂದುತ್ತೆ ಅಂತಲೂ ಒಪ್ಪಬೇಡಿ ಅಂತ ಇದೆ! ಮಾಡಿದರೆ ಕೇಡಾಗುತ್ತಾ ಒಳ್ಳೆಯದಾಗುತ್ತಾ, ತಿಳಿದವರು ಅದನ್ನು ಹಳಿಯುತ್ತಾರಾ ಮೆಚ್ಚುತ್ತಾರಾ ಅಂತ ನೀವೇ ತಿಳಿದು ಬಿಡಿ ಅಥವಾ ಹಿಡಿಯಿರಿ ಅನ್ನುವುದು ಪೂರ್ತಿ ಮಾತು.

ಸಂಸಾರಸ್ಥರಿಗೆ ಇದರಲ್ಲಿ ಏನಿದೆ?

ದೀಘ ನಿಕಾಯದ 31ನೇ ಸುತ್ತ ನೋಡಿ. ಸಿಗಾಲ ಅನ್ನುವ ಹುಡುಗ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕಿಗೂ ಕೈ ಮುಗಿಯುತ್ತಿರುತ್ತಾನೆ. ಅಪ್ಪ ಸಾಯುವಾಗ ಹೇಳಿದ್ದ, ಅದಕ್ಕೆ. ಬುದ್ಧ ಅದನ್ನು ಬಿಡಿಸುವುದಿಲ್ಲ, ದಿಕ್ಕುಗಳ ಅರ್ಥ ಬದಲಿಸುತ್ತಾನೆ. ಪೂರ್ವ ಅಂದರೆ ಅಪ್ಪ ಅಮ್ಮ, ದಕ್ಷಿಣ ಅಂದರೆ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಕೆಳಗೆ ಕೆಲಸದವರು, ಮೇಲೆ ಶ್ರಮಣ ಬ್ರಾಹ್ಮಣರು. ಹೆಂಡತಿಗೆ ಮರ್ಯಾದೆ ಕೊಡು, ಯಜಮಾನಿಕೆ ಅವಳ ಕೈಗೆ ಬಿಡು, ಒಡವೆ ಮಾಡಿಸಿಕೊಡು. ಕೆಲಸದವರಿಗೆ ಶಕ್ತಿಗೆ ತಕ್ಕ ಕೆಲಸ, ಊಟ, ಸಂಬಳ ಕೊಡು, ಹುಷಾರಿಲ್ಲದಾಗ ನೋಡಿಕೋ, ಮನೆಯಲ್ಲಿ ವಿಶೇಷ ಅಡುಗೆ ಮಾಡಿದರೆ ಅವರಿಗೂ ಕೊಡು, ಹೊತ್ತಿಗೆ ಸರಿಯಾಗಿ ಬಿಡುವು ಕೊಡು. ಮನೆಗೆಲಸಕ್ಕೆ ಜನ ಇಟ್ಟುಕೊಂಡವರೆಲ್ಲ ಒಮ್ಮೆ ಓದಬೇಕು.

ಬೈಲಕುಪ್ಪೆಯ ಭಿಕ್ಷುಗಳು ಓದುವುದೂ ಇದನ್ನೇನಾ?

ಅಲ್ಲ. ಅವರದ್ದು ಟಿಬೆಟನ್ ಪರಂಪರೆ. ಬುದ್ಧವಚನ ಅಂತ ಒಪ್ಪಿದ ಗ್ರಂಥಗಳು ಕಂಗ್ಯೂರ್, ಸುಮಾರು ನೂರು ಸಂಪುಟ. ಭಾರತೀಯ ಆಚಾರ್ಯರ ವ್ಯಾಖ್ಯಾನಗಳು ತೆಂಗ್ಯೂರ್. ಕಂಗ್ಯೂರ್‌ನಲ್ಲಿ ವಿನಯ ಇದೆ, ಹಳೆಯ ಸೂತ್ರಗಳು ಕೆಲವೇ ಇವೆ, ಮಹಾಯಾನ ಸೂತ್ರಗಳು ಮತ್ತು ತಂತ್ರಗಳು ಜಾಸ್ತಿ. ಪಾಲಿ ತಿಪಿಟಕ ನೆಚ್ಚಿದವರು ಥೇರವಾದಿಗಳು: ಲಂಕಾ, ಬರ್ಮಾ, ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್. ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಮಹಾಬೋಧಿ ಸೊಸೈಟಿ ಈ ಪರಂಪರೆಯದು.

ಅಂಬೇಡ್ಕರ್ ಬರೆದ ಪುಸ್ತಕ ಓದಿದ್ದೇನೆ. ಅದೂ ಇದೂ ಒಂದೇನಾ?

'ಬುದ್ಧ ಮತ್ತು ಆತನ ಧಮ್ಮ' ಬಾಬಾಸಾಹೇಬರು ತೀರಿಕೊಂಡ ಮೇಲೆ, 1957ರಲ್ಲಿ ಅಚ್ಚಾಯಿತು. ಅದರ ಬಹಳಷ್ಟು ಸಾಮಗ್ರಿ ಪಾಲಿ ಮೂಲದ್ದೇ, ಆಯ್ಕೆ ಮತ್ತು ವಿವರಣೆ ಅವರದ್ದು. ನಾಲ್ಕು ನೋಟಗಳ ಕಥೆಯನ್ನು ಅವರೂ ಒಪ್ಪಲಿಲ್ಲ. ಅದನ್ನು ಓದಿ ಮುಗಿಸಿದವರು ಸುತ್ತಗಳಿಗೆ ಬಂದರೆ ಎಷ್ಟೋ ಕಡೆ ಪರಿಚಯದವರು ಸಿಕ್ಕ ಹಾಗೆ ಆಗುತ್ತದೆ.

ಎಲ್ಲಿಂದ ಶುರು ಮಾಡಲಿ?

ನಾನು ಮಾಡಿದ ತಪ್ಪು ಮಾಡಬೇಡಿ. ಸುತ್ತ ಪಿಟಕದ ಮೊದಲ ಸಂಪುಟದ ಮೊದಲ ಪುಟದಿಂದಲೇ ಓದಬೇಕು ಅಂತ ಹಟ ಹಿಡಿದು ದೀಘ ನಿಕಾಯ ತೆರೆದೆ. ಮೊದಲನೆಯದೇ ಬ್ರಹ್ಮಜಾಲ ಸುತ್ತ. ಬೇರೆಯವರ 62 ಥರದ ವಾದಗಳ ಪಟ್ಟಿ. ಇಪ್ಪತ್ತನೇ ವಾದದ ಹೊತ್ತಿಗೆ ನಿದ್ದೆ ಬಂತು. ಆರು ತಿಂಗಳು ಪುಸ್ತಕ ಮುಟ್ಟಲಿಲ್ಲ.

ಧಮ್ಮಪದದಿಂದ ಶುರು ಮಾಡಿ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಪಾಲಿ ಕಲಿತು ಬುದ್ಧನ ಸಾಹಿತ್ಯವನ್ನು ಕನ್ನಡಕ್ಕೆ ತಂದವರಲ್ಲಿ ಜಿ. ಪಿ. ರಾಜರತ್ನಂ ದೊಡ್ಡ ಹೆಸರು. ರತ್ನನ ಪದಗಳ ರಾಜರತ್ನಂ ಅವರೇ. ಆಮೇಲೆ ರಾಹುಲನ ಸುತ್ತ, ಸಿಗಾಲನ ಸುತ್ತ, ಅಂಗುಲಿಮಾಲ, ಥೇರೀಗಾಥಾ. ಅದಾದ ಮೇಲೆ ಮಹಾಪರಿನಿಬ್ಬಾನ ಸುತ್ತ, ಬುದ್ಧನ ಕೊನೆಯ ದಿನಗಳು. ಆನಂದ ಬಾಗಿಲಿಗೆ ಒರಗಿ ಅಳುವ ಜಾಗ ಬಂದಾಗ ನೀವೂ ಸ್ವಲ್ಪ ನಿಲ್ಲುತ್ತೀರಿ.

ಪಾಲಿ ಮೂಲವನ್ನೇ ನೋಡುವ ಆಸೆ ಇದ್ದರೆ, ಇಗತ್‌ಪುರಿಯ ವಿಪಶ್ಯನ ವಿಶೋಧನ ವಿನ್ಯಾಸದವರು ಇಡೀ ತಿಪಿಟಕವನ್ನು ಕನ್ನಡ ಲಿಪಿಯಲ್ಲೂ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಇಟ್ಟಿದ್ದಾರೆ. ಅರ್ಥ ಆಗದಿದ್ದರೂ ನಾಲ್ಕು ಸಾಲು ಜೋರಾಗಿ ಓದಿ ನೋಡಿ. ಇದು ಕಿವಿಗೆ ಅಂತ ಕಟ್ಟಿದ್ದು.

ಓದುವಾಗ ಮಧ್ಯೆ ಮಧ್ಯೆ "…ಪೇ…" ಅಂತ ಬರುತ್ತಲ್ಲ, ಅಚ್ಚಿನ ತಪ್ಪಾ?

ತಪ್ಪಲ್ಲ. 'ಪೇಯ್ಯಾಲ' ಅನ್ನುವುದರ ಚಿಕ್ಕ ರೂಪ. ಮೊದಲು ಬಂದದ್ದೇ ಇಲ್ಲಿ ಮತ್ತೆ ಬರುತ್ತದೆ, ನೀವೇ ತುಂಬಿಕೊಳ್ಳಿ ಅಂತ ಅರ್ಥ. ಹಾಡಿನ ಪುಸ್ತಕದಲ್ಲಿ ಎರಡನೇ ಚರಣದ ಕೆಳಗೆ "ಪಲ್ಲವಿ" ಅಂತ ಬರೀ ಹೆಸರು ಹಾಕಿರುತ್ತಾರಲ್ಲ, ಹಾಗೆ. ಬಾಯಲ್ಲಿ ಹೇಳುವವರಿಗೆ ಒಂದೇ ಸಾಲು ಹತ್ತು ಸಲ ಬಂದರೆ ಅದು ವಿಶ್ರಾಂತಿ, ಮುಂದಿನ ಸಾಲು ನೆನಪಿಸಿಕೊಳ್ಳಲು ಸಮಯ. ಓಲೆಗರಿ ಮೇಲೆ ಕಬ್ಬಿಣದ ಲೇಖನಿಯಿಂದ ಕೊರೆಯುವವನಿಗೆ ಕೈ ನೋವು. ಅವನು "ಪೇ" ಅಂತ ಹಾಕಿ ಮುಂದೆ ಹೋದ. ಈಗಿನ ಎಷ್ಟೋ ಅನುವಾದಗಳಲ್ಲಿ ಆ ಗುರುತೂ ಹೋಗಿ ಬರೀ ಮೂರು ಚುಕ್ಕಿ ಉಳಿದಿರುತ್ತದೆ. ನಾನು ಒಬ್ಬನೇ ಇದ್ದಾಗ ಹಿಂದಿನ ಪುಟಕ್ಕೆ ತಿರುಗಿ, ಬಿಟ್ಟ ಸಾಲುಗಳನ್ನು ಜೋಡಿಸಿಕೊಂಡು ಪೂರ್ತಿ ಓದುತ್ತೇನೆ. ಹೊತ್ತು ಹಿಡಿಯುತ್ತದೆ.